ಬ್ರಷ್ಷುಗಳಿಗೆ ಎಣ್ಣೆಸ್ನಾನ

ನನ್ನ ಎಲೆಯಡಿಕೆ ಚೀಲದಲ್ಲಿ ಒಂದು ಬ್ರಷ್ಷಿದೆ. ಕಪ್ಪು ಹಿಡಿ, ಕತ್ತಿಗೆ ಬಂಗಾರದ ಬಣ್ಣದ ಬಳೆ, ಬಳೆಯ ಮೇಲೆ ಏನೋ ಇಂಗ್ಲಿಷ್ ಅಕ್ಷರ. ತಲೆ ಮಾತ್ರ ಒಲೆಗೆ ಬಿದ್ದು ಎದ್ದ ಕಂಬಳಿಹುಳದ ಹಾಗಿದೆ. ಅದರಲ್ಲಿ ನಾನು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತೇನೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸರು ನನ್ನ ಮುಖ ನೋಡುವುದಿಲ್ಲ, ಬ್ರಷ್ಷನ್ನು ನೋಡುತ್ತಾರೆ. ಒಬ್ಬಳು ಬಾಯಿ ಬಿಟ್ಟೇ ಕೇಳಿದಳು, ಇದು ಎಲ್ಲಿ ಸಿಗುತ್ತದೆ ಅಂತ. "ದಿಂಡಿಗಲ್. ಮದುವೆ ಹೆಣ್ಣಿನ ಮುಖಕ್ಕೆ ಬಳಿಯೋದು" ಅಂದೆ. ಅವಳು ಎದ್ದು ಬೇರೆ ಸೀಟಿಗೆ ಹೋದಳು. ಒಳ್ಳೆಯದೇ ಆಯಿತು, ಕಾಲು ಚಾಚಿಕೊಂಡೆ.

ಈ ಬ್ರಷ್ಷು ನನ್ನ ಮಗನ ಮಗಳು ರೇವತಿಯದು. ಅಂದರೆ ಅವಳದಾಗಿತ್ತು. ಹೇಗೆ ನನ್ನದಾಯಿತು ಅಂತ ಹೇಳಿದರೆ ನೀವು ಅವಳ ಪಕ್ಷ ವಹಿಸುತ್ತೀರಿ. ವಹಿಸಿ. ನನ್ನ ಮನೆಯಲ್ಲೂ ಎಲ್ಲರೂ ಅವಳ ಪಕ್ಷವೇ.

ನಾವು ತಮಿಳುನಾಡಿನ ಚಿನ್ನಮನೂರಿನ ಕನ್ನಡದ ಜನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ರೇವತಿಗೆ ಹೊಸ್ತಿಲೊಳಗೂ ತಮಿಳೇ ನಾಲಿಗೆಗೆ ಬರುತ್ತದೆ. ನನ್ನಿಂದ ಏನಾದರೂ ಬೇಕಾದಾಗ ಮಾತ್ರ ಕನ್ನಡ ನೆನಪಾಗುತ್ತದೆ. ಕಾಲೇಜು ಮುಗಿಸಿದಳು. ಎಲ್ಲರೂ ಬ್ಯಾಂಕು, ಪರೀಕ್ಷೆ ಅನ್ನುತ್ತಿದ್ದಾಗ ಇವಳು ಮದುವೆ ಹೆಣ್ಣುಗಳಿಗೆ ಮೇಕಪ್ ಮಾಡುತ್ತೇನೆ ಅಂದಳು. ಮೂರು ತಿಂಗಳು ಬಸ್ಸಿನಲ್ಲಿ ದಿಂಡಿಗಲ್ಲಿಗೆ ಹೋಗಿ ಒಬ್ಬ ಮೇಡಮ್ಮಿನ ಹತ್ತಿರ ಕಲಿತಳು. ಕಲಿತು ಬರುವಾಗ ಸರ್ಟಿಫಿಕೇಟಿನ ಜೊತೆಗೆ ಒಂದು ಕಪ್ಪು ಚರ್ಮದ ಸುರುಳಿ ತಂದಳು. ಬಿಚ್ಚಿದರೆ ಒಳಗೆ ಇಪ್ಪತ್ತನಾಲ್ಕು ಬ್ರಷ್ಷು. ಅದನ್ನು ಕೊಳ್ಳುವುದಕ್ಕೆ ಕಿವಿಯ ಜುಮುಕಿ ಹೋಗಿತ್ತು ಅನ್ನುವುದು ಆಮೇಲೆ ತಿಳಿಯಿತು.

ಇಪ್ಪತ್ತನಾಲ್ಕು. ಒಂದು ಮುಖಕ್ಕೆ.

ಕೆನ್ನೆಗೆ ಒಂದು, ಕೆನ್ನೆಯ ಮೂಳೆಗೆ ಇನ್ನೊಂದು. ರೆಪ್ಪೆಗೆ ಒಂದು, ರೆಪ್ಪೆ ಮಡಿಸುವ ಗೆರೆಗೆ ಬೇರೆ. ಮೂಗಿನ ಎರಡು ಪಕ್ಕ ನೆರಳು ಬಿಡಿಸುವುದಕ್ಕೆ ಒಂದು. ಹೌದು, ನೆರಳು. ದೇವರು ಚಪ್ಪಟೆ ಮೂಗು ಕೊಟ್ಟಿದ್ದರೆ ಪಕ್ಕದಲ್ಲಿ ನೆರಳು ಬಿಡಿಸಿ ಎತ್ತರ ಮಾಡುತ್ತಾರಂತೆ. ಬೀಸಣಿಗೆಯ ಹಾಗಿರುವ ಒಂದು ಬ್ರಷ್ಷಿನ ಕೆಲಸ ಕೆನ್ನೆಯ ಮೇಲೆ ಉದುರಿದ ಪುಡಿಯನ್ನು ಆಚೆಗೆ ತಳ್ಳುವುದು, ಅಷ್ಟೇ. ಅಂದರೆ ಮುಖಕ್ಕೊಂದು ಪೊರಕೆ.

ನಾನು ಈ ಮನೆಗೆ ಬಂದ ಹೊಸದರಲ್ಲಿ ನಾಲ್ಕು ಕೋಣೆ, ಹಿತ್ತಲು, ದನದ ಕೊಟ್ಟಿಗೆ, ಎಲ್ಲಕ್ಕೂ ಸೇರಿ ಒಂದೇ ಬ್ರಷ್ಷು. ಅದನ್ನು ಯಾರೂ ಬ್ರಷ್ಷು ಅನ್ನುತ್ತಿರಲಿಲ್ಲ, ಮಟ್ಟೆ ಅನ್ನುತ್ತಿದ್ದೆವು. ತಾಳೆಮಟ್ಟೆಯ ತುದಿಯನ್ನು ನೆನೆಸಿ, ಕಲ್ಲಿನ ಮೇಲಿಟ್ಟು ಜಜ್ಜಿ, ನಾರು ಬಿಡಿಸಿಕೊಂಡರೆ ಪೊಂಗಲ್ಲಿಗೆ ಮನೆಯಿಡೀ ಸುಣ್ಣ ಹೊಡೆಯಬಹುದು. ಎಳೆಯ ಮಟ್ಟೆ ಆದರೆ ನಾರು ಕಿತ್ತು ಬರುತ್ತದೆ, ಬಲಿತದ್ದಾದರೆ ಗೋಡೆಯನ್ನು ಗೀರುತ್ತದೆ. ನಡುವಿನದನ್ನು ಆರಿಸಬೇಕು. ಹೊಡೆದಾದ ಮೇಲೆ ತೊಳೆದು ತಲೆ ಕೆಳಗಾಗಿ ನೇತುಹಾಕಬೇಕು. ನೆಟ್ಟಗೆ ನಿಲ್ಲಿಸಿದರೆ ನೀರು ಬುಡಕ್ಕೆ ಇಳಿದು ಕೊಳೆಯುತ್ತದೆ. ರೇವತಿ ದಿಂಡಿಗಲ್ಲಿನಿಂದ ಬಂದ ಮೊದಲ ವಾರ ನನ್ನನ್ನು ಕೂರಿಸಿ ಬ್ರಷ್ಷಿನ ಆರೈಕೆ ಹೇಳಿಕೊಟ್ಟಳು. ಮೊದಲ ಪಾಠ, ತೊಳೆದ ಮೇಲೆ ತಲೆ ಕೆಳಗೆ ಮಾಡಿ ಒಣಗಿಸಬೇಕು. ನೆಟ್ಟಗೆ ನಿಲ್ಲಿಸಿದರೆ ಬಳೆಯೊಳಗೆ ನೀರು ಹೋಗಿ ಅಂಟು ಬಿಡುತ್ತದೆ. ಇದಕ್ಕೆ ಮೂರು ತಿಂಗಳ ಬಸ್ ಚಾರ್ಜು.

ಆದರೆ ಕೂದಲಿನ ವಿಷಯಕ್ಕೆ ಬಂದಾಗ ನಾನು ಸುಮ್ಮನಿರಲಾರೆ. ನನ್ನ ತವರು ಆಂಡಿಪಟ್ಟಿಯ ಕಡೆ. ಮಳೆ ಬಂದರೆ ಬೆಳೆ, ಬರದಿದ್ದರೆ ಆಡು. ಸಾಮಾನ್ಯವಾಗಿ ಆಡು. ಸ್ಕೂಲಿಗೆ ಮೂರನೇ ಕ್ಲಾಸಿನವರೆಗೆ ಹೋದೆ. ಅಲ್ಲಿಂದ ಮುಂದಿನ ಓದೆಲ್ಲ ಆಡಿನ ಹಿಂದೆ. ಇಲ್ಲಿ ಕೊಯ್ಲಾದ ಮೇಲೆ ಅಪ್ಪ ಹಿಂಡನ್ನು ಹೊಡೆದುಕೊಂಡು ಇಳಿದು ಬಂದು ಚಿನ್ನಮನೂರಿನ ಗದ್ದೆಗಳಲ್ಲಿ ಮಂದೆ ಹಾಕುತ್ತಿದ್ದ. ಆಡಿನ ಗೊಬ್ಬರಕ್ಕೆ ಗದ್ದೆಯವರು ನೆಲ್ಲು ಅಳೆದು ಕೊಡುತ್ತಿದ್ದರು. ಒಂದು ವರ್ಷ ನೆಲ್ಲಿನ ಜೊತೆ ಒಬ್ಬ ಅಳಿಯನನ್ನೂ ಕೊಟ್ಟರು. ಹಾಗೆ ನಾನು ನೀರಿರುವ ಊರಿಗೆ ಬಂದೆ.

ನನ್ನ ಅತ್ತೆ ಮೊದಲ ದಿನವೇ ಮೂಗಿಗೆ ಸೆರಗು ಹಿಡಿದಳು. "ಆಡಿನ ನಾತ ಹೋಗೋಗಂಟ ಒಲೆ ಮನೆಗೆ ಬರಬ್ಯಾಡ." ನಾನು ದಿನವೂ ಮೀಯುತ್ತಿದ್ದೆ. ಅದು ಲೆಕ್ಕಕ್ಕೆ ಬರಲಿಲ್ಲ. ಶುಕ್ರವಾರ ಹಿತ್ತಲ ಕಲ್ಲಿನ ಮೇಲೆ ಕೂರಿಸಿ ತಲೆಗೆ ಎಳ್ಳೆಣ್ಣೆ, ಎಣ್ಣೆ ಬಿಡಿಸುವುದಕ್ಕೆ ಅರಪ್ಪು ಪುಡಿ, ಆಮೇಲೆ ಸಾಂಬ್ರಾಣಿ. ನಮ್ಮ ಕಡೆ ಎಣ್ಣೆಸ್ನಾನ ಸಾಂಬ್ರಾಣಿಯಿಲ್ಲದೆ ಮುಗಿಯುವುದಿಲ್ಲ. ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಅದರ ಮೇಲೆ ಬಿದಿರು ಬುಟ್ಟಿ ಕವುಚಿ, ಬುಟ್ಟಿಯ ಮೇಲೆ ಒದ್ದೆ ಕೂದಲನ್ನು ಹರಡಿಕೊಂಡು ಮಲಗಬೇಕು. ಹೊಗೆಯೂ ಆಯಿತು, ಒಣಗಿದ್ದೂ ಆಯಿತು. ನಾಲ್ಕು ಶುಕ್ರವಾರ ನನ್ನನ್ನು ಹೀಗೆ ಹೊಗೆಗೆ ಹಾಕಿದರು. ಐದನೇ ವಾರ ಒಲೆ ಮನೆಗೆ ಬಿಟ್ಟರು. ನಾತ ಹೋಯಿತು ಅಂತಲ್ಲ, ಅತ್ತೆಗೆ ಕೈನೋವು ಬಂದು ಅಡುಗೆಗೆ ಆಳು ಬೇಕಾಯಿತು.

ಈಗ ನೋಡಿ. ಅದೇ ಆಡಿನ ಕೂದಲನ್ನು ಹಿಡಿಗೆ ಅಂಟಿಸಿ, ಬಂಗಾರದ ಬಳೆ ತೊಡಿಸಿ, ಮದುವೆ ಹೆಣ್ಣಿನ ಕೆನ್ನೆಗೆ ಸವರುತ್ತಾರೆ. ಸವರಿಸಿಕೊಂಡವರೇ ದುಡ್ಡು ಕೊಡುತ್ತಾರೆ. ಅತ್ತೆ ಬದುಕಿರಬೇಕಿತ್ತು.

ರೇವತಿ ಸುರುಳಿ ಬಿಚ್ಚಿ ಆರಿಸುವ ಕ್ರಮ ತೋರಿಸಿದ ದಿನ ಇನ್ನೂ ನೆನಪಿದೆ. ನಾನು ಅವಳಿಗೆ ಅಪ್ಪತ್ತಾ, ಅಪ್ಪನ ಅವ್ವ.

"ಅಪ್ಪತ್ತಾ, ಕೈ ನೀಡು. ಕೈ ಹಿಂದ್ಗಡೆ ಹಿಂಗೆ ಅಮುಕ್ಬೇಕು. ಅರಳ್ಬೇಕು. ಬಿಟ್ರೆ ತಿರುಗಾ ಕೂಡ್ಕೋಬೇಕು. ಒಂದು ಕೂದ್ಲೂ ಉದುರ್ಬಾರ್ದು. ಅದು ತಾನ್ ನಲ್ಲ ಬ್ರಷ್ಷು, ಒಳ್ಳೆ ಬ್ರಷ್ಷು."

"ಯಾತರ ಕೂದ್ಲು?"

"ಆಡು. ಇಪ್ಪತ್ನಾಲ್ಕೂ ಒರಿಜಿನಲ್ ಆಡು. ಫಾರಿನ್ ಆಡು. ಮೇಡಂ ನಮಗೋಸ್ಕರ ತರ್ಸಿಕೊಟ್ರು."

"ನಮ್ಮೂರ ಆಡಿಗೇನಾಗಿತ್ತು?"

"ಅದ್ರದ್ದು ಒರಟು, ಅಪ್ಪತ್ತಾ. ಮುಖ ಗೀರ್ತದೆ."

ಇದು ನಿಜ. ನಮ್ಮ ಆಡಿನ ಮೈಯ ಕೂದಲಿನಲ್ಲಿ ಪಾತ್ರೆ ಉಜ್ಜಬಹುದು. ಮರಿಯಾಗಿದ್ದಾಗ ಕಿವಿಯ ಹಿಂದೆ, ಕತ್ತಿನ ಕೆಳಗೆ ಮಾತ್ರ ಮೆತ್ತಗೆ. ನಾನು ಒಂದೊಂದೇ ಬ್ರಷ್ಷನ್ನು ಎತ್ತಿ ಬೆರಳಿನಲ್ಲಿ ಸವರಿದೆ. ಮೊದಲು ತುದಿಯ ಕಡೆಗೆ, ಆಮೇಲೆ ಬುಡದ ಕಡೆಗೆ. ನಿಜವಾದ ಕೂದಲು ತುದಿಯ ಕಡೆಗೆ ಜಾರುತ್ತದೆ, ಬುಡದ ಕಡೆಗೆ ಸ್ವಲ್ಪ ತಡೆಯುತ್ತದೆ. ಆಡಿನದಾಗಲಿ, ಹೆಂಗಸಿನದಾಗಲಿ, ಹಾಗೇ. ಕೆಲವು ತಡೆದವು. ಉಳಿದವು ಎರಡು ಕಡೆಗೂ ಎಣ್ಣೆ ಹಚ್ಚಿದ ಹಾಗೆ ಜಾರಿದವು.

"ಇವು ಆಡಲ್ಲ ಪುಳ್ಳೆ. ಮೀನು ಹಿಡಿಯೋ ದಾರ."

"ಸುಮ್ನಿರು ಅಪ್ಪತ್ತಾ. ಮೇಡಂಗಿಂತ ನಿಂಗೆ ಗೊತ್ತಾ?"

"ನಿಮ್ಮ ಮೇಡಂ ಎಷ್ಟು ಆಡು ಮೇಯ್ಸವಳೆ?"

ರೇವತಿ ಸುರುಳಿ ಸುತ್ತಿಕೊಂಡು ಎದ್ದು ಹೋದಳು. ಅಂದಿನಿಂದ ನಮ್ಮಿಬ್ಬರ ನಡುವೆ ಇದೊಂದು ಉಳಿದುಹೋಯಿತು. ಊಟಕ್ಕೆ ಕೂತರೆ ನಾನು, "ನಿನ್ನ ಫಾರಿನ್ ಆಡು ಈವತ್ತು ಏನು ಮೇಯ್ತು?" ಅನ್ನುತ್ತಿದ್ದೆ. ಅವಳು ತಟ್ಟೆ ಎತ್ತಿಕೊಂಡು ಹೊರಗೆ ಜಗುಲಿಗೆ ಹೋಗುತ್ತಿದ್ದಳು.

ಇಷ್ಟರಲ್ಲಿ ನನ್ನ ಮಗ ಲಿಂಗಸಾಮಿ ಒಂದು ಗೆರೆ ಎಳೆದ. ಅವನು ಹೆಚ್ಚು ಮಾತಿನವನಲ್ಲ. ಬಾಳೆತೋಟದಲ್ಲಿ ಗಿಡದ ಜೊತೆ ಇದ್ದು ಇದ್ದು ಹಾಗಾಗಿದ್ದಾನೆ. ಒಂದು ಬೆಳಗ್ಗೆ ಕಾಫಿ ಕುಡಿಯುತ್ತಾ ಹೇಳಿದ, "ಐಪ್ಪಸಿ, ಈ ದೀಪಾವಳಿ ತಿಂಗಳು ಮುಗಿಯೋದ್ರೊಳಗೆ ನೀನಾಗಿ ಒಂದು ಮದುವೆ ಕೆಲ್ಸ ಮಾಡಿ ತೋರ್ಸು. ನಲ್ಲ ಹೆಸ್ರು ಬಂದ್ರೆ ನಿನ್ನಿಷ್ಟ. ಇಲ್ಲಾಂದ್ರೆ ಆ ಬೋಡಿ ಮನೆಯವ್ರನ್ನ ಹೆಣ್ಣು ನೋಡೋಕೆ ಬರ ಹೇಳ್ತೀನಿ." ಬೋಡಿ ಊರಿನ ಆ ಹುಡುಗನಿಗೆ ಎರಡು ಅಂಗಡಿ, ಒಂದು ಬೊಜ್ಜು. ಹೆಂಗಸರು ಮನೆ ದಾಟಿ ಕೆಲಸಕ್ಕೆ ಹೋಗುವ ಪದ್ಧತಿ ಅವರ ಮನೆಯಲ್ಲಿ ಇಲ್ಲ ಅಂತ ಮೊದಲೇ ಹೇಳಿ ಕಳಿಸಿದ್ದರು.

ರೇವತಿ ಊರೂರು ಸುತ್ತಿ, ಗೆಳತಿಯರ ಗೆಳತಿಯರನ್ನು ಹಿಡಿದು, ತಿಂಗಳ ಕೊನೆಯ ಭಾನುವಾರಕ್ಕೆ ಒಂದು ಕೆಲಸ ಹಿಡಿದಳು. ತೇನಿಯ ಏಲಕ್ಕಿ ವ್ಯಾಪಾರಿಯ ಮಗಳು. ದೊಡ್ಡ ಮಂಟಪ. ಕೈ ಹಿಡಿದರೆ ಅಲ್ಲಿಂದಲೇ ಹತ್ತು ಕೆಲಸ, ಕೈಕೊಟ್ಟರೆ ಬೋಡಿ.

ಅದರ ಹಿಂದಿನ ಶುಕ್ರವಾರ. ಮದುವೆ ಹೆಣ್ಣಿನ ಸೀರೆಗೆ ಮೊದಲೇ ನಿರಿಗೆ ಹಿಡಿದು ಇಸ್ತ್ರಿ ಹಾಕಿಡುತ್ತಾರಂತೆ ಈಗ, ಉಡುವಾಗ ಅಂಗಿಯ ಹಾಗೆ ತೊಡಿಸಿಬಿಡುವುದು. ಆ ಕೆಲಸಕ್ಕೆ ರೇವತಿ ಬೆಳಗ್ಗೆಯೇ ತೇನಿಗೆ ಹೊರಟಳು. ಸುರುಳಿ ಮಂಚದ ಮೇಲಿತ್ತು.

"ಅಪ್ಪತ್ತಾ, ಬ್ರಷ್ಷೆಲ್ಲಾ ತೊಳೀಬೇಕು. ನಾನು ಮಧ್ಯಾಹ್ನ ಬಂದು ತೊಳೀತೀನಿ. ನೀನು ಮುಟ್ಟಬ್ಯಾಡ. ಸೊಲ್ಲಿಟ್ಟೇನ್." ಹೇಳಿಬಿಟ್ಟಿದ್ದೇನೆ ಅಂತ ತಮಿಳಿನಲ್ಲಿ ಮೊಳೆ ಹೊಡೆದು ಹೋದಳು.

ಸೊಸೆ ಸರೋಜ ತೋಟಕ್ಕೆ ಹೋಗಿದ್ದಳು. ಮನೆಯಲ್ಲಿ ನಾನು, ಇಪ್ಪತ್ತನಾಲ್ಕು ಬ್ರಷ್ಷು. ಶುಕ್ರವಾರ. ನನ್ನ ಎಣ್ಣೆಸ್ನಾನದ ದಿನ. ಅರಪ್ಪು ಕಲಸಿಟ್ಟಿದ್ದೆ, ನೀರು ಕಾದಿತ್ತು. ಕೂದಲು ಅಂದ ಮೇಲೆ ಕೂದಲೇ ಅಲ್ಲವಾ? ಶಾಂಪೂ ಹಾಕಿ ಹಾಕಿ ಅವಳು ತನ್ನ ತಲೆಯನ್ನೇ ತೆಂಗಿನನಾರು ಮಾಡಿಕೊಂಡಿದ್ದಾಳೆ, ಇವಕ್ಕೂ ಅದೇ ಹಾಕುತ್ತಾಳೆ. ಒಂದು ಸಲ ನನ್ನ ಕೈಯಲ್ಲಿ ಮಿಂದರೆ ಮದುವೆ ಹೆಣ್ಣಿನ ಕೆನ್ನೆಗೆ ಹೂವಿನ ಹಾಗಿರುತ್ತವೆ ಅಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಅರ್ಧ ಉಪಕಾರ, ಅರ್ಧ ಕೊಬ್ಬು. ಆಡಿನ ಕೂದಲಿಗೆ ಆರೈಕೆ ಮಾಡುವುದನ್ನು ನನಗೆ ದಿಂಡಿಗಲ್ಲಿನವಳು ಹೇಳಿಕೊಡಬೇಕಾ?

ಸರಿಯಾಗಿಯೇ ಮಾಡಿದೆ. ಬೆರಳ ತುದಿಯಲ್ಲಿ ಎಣ್ಣೆ ಮುಟ್ಟಿಸಿ, ಬುಡಕ್ಕೆ ತಾಗದ ಹಾಗೆ, ತುದಿಗಷ್ಟೇ. ಸ್ವಲ್ಪ ಹೊತ್ತು ಬಿಟ್ಟು ಅರಪ್ಪು. ಬೆಚ್ಚಗಿನ ನೀರು. ಹಿಂಡದೆ, ಬಟ್ಟೆಯಲ್ಲಿ ಒತ್ತಿ, ಬೆರಳಿನಲ್ಲಿ ತಲೆ ತಿದ್ದಿ, ಹಗ್ಗಕ್ಕೆ ಸಾಲಾಗಿ ತಲೆ ಕೆಳಗಾಗಿ ಕಟ್ಟಿದೆ. ಸುಣ್ಣದ ಮಟ್ಟೆಗೂ ನಾನು ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಅಷ್ಟರಲ್ಲಿ ಐಪ್ಪಸಿಯ ಮಳೆ ಹಿಡಿಯಿತು. ಬೆಟ್ಟದ ಕಡೆಯಿಂದ ಬಂದದ್ದು ಮನೆಯ ಮೇಲೇ ಕೂತುಬಿಟ್ಟಿತು. ಹಗ್ಗ ಬಿಚ್ಚಿ ಎಲ್ಲವನ್ನೂ ಒಳಗೆ ತಂದೆ. ಒದ್ದೆ ಬ್ರಷ್ಷು ಭಾನುವಾರಕ್ಕೆ ಒಣಗದಿದ್ದರೆ? ಒದ್ದೆ ಕೂದಲಿಗೆ ಏನು ಮಾಡುತ್ತಾರೆ ಅನ್ನುವುದು ನನಗೆ ಗೊತ್ತಿಲ್ಲವಾ? ನಾಲ್ಕು ಶುಕ್ರವಾರ ಮಲಗಿ ಕಲಿತವಳು ನಾನು.

ಕೆಂಡ ಮಾಡಿದೆ, ಸಾಂಬ್ರಾಣಿ ಉದುರಿಸಿದೆ, ಬುಟ್ಟಿ ಕವುಚಿದೆ. ಬುಟ್ಟಿಯ ಮೇಲೆ ಇಪ್ಪತ್ತನಾಲ್ಕನ್ನೂ ಮಲಗಿಸಿ, ನಾನು ಕಂಬಕ್ಕೆ ಒರಗಿ ಎಲೆ ಹಾಕಿಕೊಂಡೆ.

ಮೊದಲು ಬಂದದ್ದು ಸಾಂಬ್ರಾಣಿಯ ವಾಸನೆ. ಆಮೇಲೆ ಬಂದದ್ದು ಪ್ಲಾಸ್ಟಿಕ್ ಬಿಂದಿಗೆ ಒಲೆಗೆ ತಾಗಿದ ವಾಸನೆ. ಎದ್ದು ಬುಟ್ಟಿಯ ಹತ್ತಿರ ಹೋಗುವಷ್ಟರಲ್ಲಿ, ನನ್ನ ಮಂಡಿಗೆ ಅದು ದೂರವೇ, ಹದಿನೈದು ಬ್ರಷ್ಷು ಸುರುಟಿಕೊಂಡಿದ್ದವು. ಒಂಬತ್ತು ಮಾತ್ರ ನನ್ನ ತಲೆಗೂದಲಿನ ಹಾಗೆ ಅರಳಿ ಒಣಗಿ ಕೂತಿದ್ದವು. ಕೆಂಡಕ್ಕೂ ಕೂದಲಿಗೂ ಎಷ್ಟು ದೂರ ಇರಬೇಕು ಅಂತ ನನಗೆ ಗೊತ್ತು. ನೈಲಾನಿಗೆ ಎಷ್ಟು ದೂರ ಅಂತ ಯಾವ ಅತ್ತೆಯೂ ಕಲಿಸಿರಲಿಲ್ಲ.

ನನಗೆ ಮೊದಲು ಬಂದದ್ದು ಏನು ಅಂತ ಕೇಳಿದರೆ, ದುಃಖ ಅಲ್ಲ. ಗೆದ್ದೆ ಅನ್ನಿಸಿತು. ಎಣಿಸಿದೆ. ನಾನು ಬೆರಳಿನಲ್ಲಿ ಸವರಿ ಬೇರೆ ಮಾಡಿದ್ದಕ್ಕೂ ಬುಟ್ಟಿ ಬೇರೆ ಮಾಡಿದ್ದಕ್ಕೂ ಒಂದೂ ವ್ಯತ್ಯಾಸವಿಲ್ಲ. ಆಮೇಲೆ ನೆನಪಾಯಿತು, ಭಾನುವಾರಕ್ಕೆ ಇನ್ನು ಒಂದೇ ದಿನ.

ಮೊದಲು ಬಂದವಳು ಸರೋಜ. "ಅಯ್ಯೋ ಅತ್ತೆ, ಏನ್ ಮಾಡ್ಬಿಟ್ರಿ! ನಿಮ್ಮ ಕೈಗೆ ಬೇರೆ ವೇಲೆ, ಕೆಲ್ಸ ಸಿಕ್ಕಲಿಲ್ವಾ?" ಅಂತ ಬೀದಿಗೆ ಕೇಳುವ ಹಾಗೆ ಕೂಗಿದಳು. ಅದಕ್ಕೆ ನಾನು ಹೆದರುವುದಿಲ್ಲ, ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ. ರೇವತಿ ಬಂದು ಬುಟ್ಟಿ ನೋಡಿದಳು. ಕೂಗಲಿಲ್ಲ. ಹೊಸ್ತಿಲ ಮೇಲೆ ಕೂತಳು. ಒಂದು ಸುರುಟಿದ ಬ್ರಷ್ಷನ್ನು ಕೈಯಲ್ಲಿ ತಿರುಗಿಸುತ್ತಾ, "ನೀನೇ ನನ್ನ ಮದ್ವೆ ಮಾಡಿ ಮುಗಿಸ್ದೆ, ಅಪ್ಪತ್ತಾ" ಅಂದಳು.

ಬಾಯಲ್ಲಿದ್ದ ಎಲೆ ಸಪ್ಪೆಯಾಯಿತು.

"ಎಲ್ಲಾ ಆಡು ಅಂದ್ಯಲ್ಲ?" ಅಂದೆ.

ಅವಳು ಆಗ ಬ್ರಷ್ಷನ್ನು ಸರಿಯಾಗಿ ನೋಡಿದಳು. ಸುರುಟಿದ ತುದಿಯನ್ನು ಉಗುರಿನಲ್ಲಿ ಕೆರೆದಳು. ಸಣ್ಣ ಗಟ್ಟಿ ಗುಂಡುಗಳು. ಕೂದಲು ಸುಟ್ಟರೆ ಗುಂಡಾಗುವುದಿಲ್ಲ, ಪುಡಿಯಾಗುತ್ತದೆ. ಅವಳಿಗೂ ಅದು ಗೊತ್ತಿತ್ತು. ತಲೆ ಎತ್ತಿ ನನ್ನ ಕಡೆ ನೋಡಿದಳು. ಲಿಂಗಸಾಮಿ ತೋಟದಿಂದ ಬಂದು, ಬುಟ್ಟಿಯನ್ನೂ ನಮ್ಮನ್ನೂ ನೋಡಿ, "ಬೋಡಿಗೆ ಫೋನ್ ಹಾಕ್ಲಾ?" ಅಂದ. ಅವನು ಆಡುವುದು ಎರಡು ಮಾತು, ಅದರಲ್ಲಿ ಒಂದು ಹೀಗಿರುತ್ತದೆ.

"ಭಾನ್ವಾರ ಆಗ್ಲಿ, ಇರಪ್ಪಾ" ಅಂದಳು ರೇವತಿ.

ಶನಿವಾರ ಬೆಳಗ್ಗೆ ಅವಳು ದಿಂಡಿಗಲ್ಲಿಗೆ ಹೊರಟಾಗ ನಾನೂ ಹೊರಟೆ. ಬೇಡ ಅಂದಳು. ನಾನು ಆಗಲೇ ಚಪ್ಪಲಿ ಹಾಕಿಕೊಂಡು ಬಸ್ ಸ್ಟಾಂಡಿನ ದಾರಿಯಲ್ಲಿದ್ದೆ. ಸುಟ್ಟ ಹದಿನೈದನ್ನೂ ಯಾವುದೋ ಮದುವೆಯಲ್ಲಿ ತಾಂಬೂಲಕ್ಕೆ ಕೊಟ್ಟ ಹಳದಿ ಚೀಲದಲ್ಲಿ ಹಾಕಿಕೊಂಡಿದ್ದೆ. ತೇನಿಯಲ್ಲಿ ಬಸ್ ಬದಲಾಯಿಸಿದೆವು. ವತ್ತಲಗುಂಡು ದಾಟುವವರೆಗೂ ಅವಳು ಕಿಟಕಿಯ ಕಡೆ, ನಾನು ಕಂಡಕ್ಟರಿನ ಕಡೆ. ನಿಲಕ್ಕೋಟ್ಟೈ ರಸ್ತೆ ಕೂಡುವಲ್ಲಿ ಮಲ್ಲಿಗೆಯ ಮೂಟೆ ಹತ್ತಿಸಿದರು. ಬಸ್ಸೆಲ್ಲ ಹೂವಿನ ವಾಸನೆ, ನಮ್ಮ ಚೀಲ ಮಾತ್ರ ಸುಟ್ಟ ಬಿಂದಿಗೆಯ ವಾಸನೆ. ಮುಂದಿನ ಸೀಟಿನವನು ಎರಡು ಸಲ ತಿರುಗಿ ನೋಡಿದ.

ಮೇಡಮ್ಮಿನ ಕ್ಲಾಸು ಒಂದು ಬೀಗದ ಅಂಗಡಿಯ ಮಹಡಿಯಲ್ಲಿ. ಕೆಳಗೆ ಬೀಗ ಬಡಿಯುವ ಸದ್ದು, ಪಕ್ಕದಲ್ಲಿ ಬಿರಿಯಾನಿ ಬೇಯುವ ವಾಸನೆ, ಮೇಲೆ ಕನ್ನಡಿಗಳ ಮುಂದೆ ಆರು ಹುಡುಗಿಯರು. ಮೇಡಂ ನನಗಿಂತ ಇಪ್ಪತ್ತು ವರ್ಷ ಚಿಕ್ಕವಳಿರಬೇಕು. ಮುಖ ಒಂದು ಬಣ್ಣ, ಕತ್ತು ಇನ್ನೊಂದು ಬಣ್ಣ, ಎರಡರ ನಡುವೆ ಗಡಿ. ಅವಳು ಮಾತಾಡಿದ್ದೆಲ್ಲ ತಮಿಳಿನಲ್ಲಿ. ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಅದರಿಂದ ಅವಳ ಮಾತಿನ ತೂಕ ಹೆಚ್ಚಾಗುವುದಿಲ್ಲ.

ಚೀಲವನ್ನು ಅವಳ ಮೇಜಿನ ಮೇಲೆ ಸುರಿದೆ.

"ಏನಮ್ಮಾ ಇದು? ಯಾರು ಹೀಗೆ ಮಾಡಿದ್ದು?"

"ನಾನೇ. ಎಣ್ಣೆ ಹಚ್ಚಿ ನೀರು ಹಾಕಿ ಸಾಂಬ್ರಾಣಿ ಹಿಡಿದೆ."

ಹುಡುಗಿಯರು ಕಿಸಕ್ಕೆಂದರು. ಮೇಡಂ ಅವರಿಗೆ ಕಾಣುವ ಹಾಗೆ ನಕ್ಕಳು. "ಪಾಟಿಮ್ಮಾ, ಬೆಂಕಿಯ ಹತ್ತಿರ ಹಿಡಿದರೆ ಆಡಿನ ಕೂದಲು ಸುಡದೆ ಇರುತ್ತದಾ? ಹಳ್ಳಿಯವರಿಗೆ ಇದರ ಆರೈಕೆ ಗೊತ್ತಾಗುವುದಿಲ್ಲ. ರೇವತಿ, ನೀನಾದರೂ ಹೇಳಬಾರದಾ?"

ದೇವರ ಪಟದ ಮುಂದೆ ಊದುಬತ್ತಿ ಹಚ್ಚುವುದಕ್ಕೆ ಬೆಂಕಿಪೆಟ್ಟಿಗೆ ಇತ್ತು. ತೆಗೆದುಕೊಂಡೆ. ನನ್ನ ತಲೆಯಿಂದ ಒಂದು ಕೂದಲು ಕಿತ್ತು ಸುಟ್ಟೆ. ಕಮಟು ಬಂತು, ಬೆರಳಲ್ಲಿ ಉಜ್ಜಿದರೆ ಪುಡಿ. ರೇವತಿ ಸುರುಳಿಯಲ್ಲಿ ತಂದಿದ್ದ ಉಳಿದ ಒಂಬತ್ತರಲ್ಲಿ ಒಂದರ ಕೂದಲು ಸುಟ್ಟೆ. ಅದೇ ಕಮಟು, ಅದೇ ಪುಡಿ. ಆಮೇಲೆ ಮೇಡಮ್ಮಿನ ಮೇಜಿನ ಮೇಲೆ ಮಾರಾಟಕ್ಕೆ ಬಿಚ್ಚಿಟ್ಟಿದ್ದ ಹೊಸ ಸೆಟ್ಟಿನಿಂದ ಒಂದನ್ನು ಎತ್ತಿ, ಅವಳು ಅಯ್ಯೋ ಅನ್ನುವುದರೊಳಗೆ ಎರಡು ಎಳೆ ಎಳೆದು ಕಡ್ಡಿಗೆ ಹಿಡಿದೆ. ಕರಗಿ ಗುಂಡಾಯಿತು.

"ಇದ್ಯಾವ ಊರ ಆಡು?" ಅಂದೆ.

ನಗು ನಿಂತಿತು. ಮೇಡಂ ಕತ್ತಿನ ಬಣ್ಣ ಬದಲಾಯಿತು, ಮುಖದ್ದು ಬದಲಾಗುವ ಹಾಗಿರಲಿಲ್ಲ. ಹೊಸ ಸೆಟ್ಟನ್ನು ತನ್ನ ಕಡೆಗೆ ಎಳೆದುಕೊಂಡು ಹೇಳಿದಳು, "ಈಗ ಎಲ್ಲ ಕಡೆ ನೈಲಾನೇ ಬಳಸುವುದು, ಪಾಟಿಮ್ಮಾ. ಪ್ರಾಣಿಗಳಿಗೆ ಹಿಂಸೆ ಆಗುವುದಿಲ್ಲ."

"ಆಡಿನ ಹೆಸ್ರು ಹೇಳಿ ದಾರ ಮಾರೋದು ಆಡಿಗೆ ಮಾಡೋ ಉಪಕಾರವಾ? ಈ ಹುಡುಗಿ ಜುಮುಕಿ ಮಾರಿ ತಂದು ಕೊಟ್ಟವಳೆ. ಅದರದ್ದು ಹಿಂಸೆ ಅಲ್ವಾ?"

ಆರು ಹುಡುಗಿಯರೂ ಸದ್ದಿಲ್ಲದೆ ತಮ್ಮ ತಮ್ಮ ಬ್ರಷ್ಷುಗಳನ್ನು ಬುಡದ ಕಡೆಗೆ ಸವರತೊಡಗಿದರು. ಅದನ್ನು ನೋಡಿದ ಮೇಡಂ ರೇವತಿಯ ಕೈ ಹಿಡಿದು, "ನಾಳೆ ಕೆಲಸ ಇದೆ ಅಂದೆಯಲ್ಲ ಚಿನ್ನಾ, ಹೊಸ ಸೆಟ್ಟು ಪೂರ್ತಿ ತೆಗೆದುಕೊಂಡು ಹೋಗು, ಏನೂ ಕೊಡಬೇಡ" ಅಂದಳು. ನಾನು ಚೀಲದ ಬಾಯಿ ಬಿಡಿಸಿ ಹಿಡಿದೆ.

ರೇವತಿ ಚೀಲದ ಕಡೆ ನೋಡಲಿಲ್ಲ. ಮೇಜಿನ ಮುಂದೆ ಕೂತು ಒಂದೊಂದೇ ಬ್ರಷ್ಷನ್ನು ಕೈಯ ಹಿಂಬದಿಗೆ ಅಮುಕಿ ನೋಡಿದಳು. ಬಳೆ ಅಲ್ಲಾಡುತ್ತದಾ ಅಂತ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಎಳೆದು ನೋಡಿದಳು. ಕೊನೆಗೆ ನಾಲ್ಕು ಆರಿಸಿ, "ಇದು ಸಾಕು ಮೇಡಂ" ಅಂದಳು. ನಾಲ್ಕೂ ನೈಲಾನು. ಇಪ್ಪತ್ತು ಬಿಟ್ಟು ಬಂದಳು. ನಾನು ಸುಟ್ಟವುಗಳಲ್ಲಿ ಒಂದನ್ನು ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡೆ, ಸುಣ್ಣಕ್ಕಾಗುತ್ತದೆ ಅಂತ.

ಮೆಟ್ಟಿಲು ಇಳಿಯುತ್ತಾ ನಾನು ಬೈದೆ. "ಸುಮ್ನೆ ಕೊಟ್ರೂ ಬ್ಯಾಡ ಅನ್ನೋ ಜಾತಿ ನಮ್ಮನೇಲಿ ಎಲ್ಲಿಂದ ಹುಟ್ತು? ಅದೂ 'ದಾರ' ಅಂತ ಗೊತ್ತಾದ್ ಮ್ಯಾಕೂ ಅದ್ನೇ ತಗೊಂಡ್ಯಲ್ಲ!"

ಅವಳು ಮೆಟ್ಟಿಲಲ್ಲೇ ನಿಂತಳು. "ಅಪ್ಪತ್ತಾ, ಕೇಳು. ನೀರಾಗಿರೋ ಬಣ್ಣಕ್ಕೆ ಆಡಿನ ಕೂದ್ಲು ಆಗಲ್ಲ. ಅದು ಬಣ್ಣಾನ ಕುಡ್ದು ಬಿಡ್ತದೆ, ಮುಖಕ್ಕೆ ಬರಲ್ಲ. ಅದಕ್ಕೆ ನೈಲಾನೇ ಬೇಕು. ಪುಡಿಗೆ ಆಡು ಬೇಕು. ಎರಡೂ ಬೇಕು. ಅವ್ರು ಸುಳ್ಳು ಹೇಳಿ ಮಾರಿದ್ದು ತಪ್ಪು. ನೀನು ಸುಟ್ಟಿದ್ದೂ ತಪ್ಪು. ಅದ್ರಲ್ಲಿ ನಾಲ್ಕು ನಂಗೆ ನೆಜವಾಗ್ಲೂ ಬೇಕಾಗಿತ್ತು."

ಬೀಗ ಬಡಿಯುವವನು ಕೆಳಗೆ ಬಡಿಯುತ್ತಲೇ ಇದ್ದ. ಮೇಡಮ್ಮಿನ ಬಾಯಿ ಮುಚ್ಚಿಸಿ ಬಂದವಳ ಬಾಯಿಯನ್ನು ಇವಳು ಮೆಟ್ಟಿಲ ಮೇಲೆ ಮುಚ್ಚಿಸಿದಳು. ಕೆಳಗೆ ಬಂದಾಗ, "ಇಲ್ಲೇ ಇರು" ಅಂದು ಅವಳು ಎಲ್ಲೋ ಹೋದಳು. ಬಿರಿಯಾನಿಗೆ ಅಂದುಕೊಂಡು ನಾನು ಬಾಯಲ್ಲಿದ್ದ ಎಲೆ ಉಗುಳಿ ಕಾಯುತ್ತಾ ನಿಂತೆ. ಅವಳು ಬೀಗದ ಅಂಗಡಿಯಿಂದ ಒಂದು ಸಣ್ಣ ಕಾಗದದ ಪೊಟ್ಟಣ ಹಿಡಿದು ಹೊರಗೆ ಬಂದಳು. ಏನು ಅಂತ ಕೇಳಿದೆ. "ನಡಿ, ಬಸ್ ಬಂತು" ಅಂದಳು.

ಭಾನುವಾರ ಬೆಳಗ್ಗೆ ಆರು ಗಂಟೆಗೆ ನಾವು ತೇನಿಯ ಮಂಟಪದಲ್ಲಿದ್ದೆವು. ನಾನು ಯಾಕೆ ಹೋದೆ ಅಂದರೆ, ಸರೋಜ ಕಳಿಸಿದಳು. ಮನೆಯಲ್ಲಿ ಬಿಟ್ಟರೆ ಇನ್ನೇನು ಸುಡುತ್ತೇನೋ ಅಂತ.

ಹೆಣ್ಣು ಕುರ್ಚಿಯಲ್ಲಿ ಕೂತು ಕೈಬಳೆಗಳನ್ನು ತಿರುಗಿಸುತ್ತಲೇ ಇದ್ದಳು. ಸುತ್ತ ಹೆಂಗಸರು. ಅವರಲ್ಲಿ ಹೆಣ್ಣಿನ ದೊಡ್ಡಮ್ಮ ಒಬ್ಬಳು, ಕತ್ತಿನ ತುಂಬ ಒಡವೆ, ಬಾಯಿ ತುಂಬ ಅಪ್ಪಣೆ. ರೇವತಿ ಸುರುಳಿ ಬಿಚ್ಚಿದಳು. ಇಪ್ಪತ್ತನಾಲ್ಕು ಗೂಡಿನಲ್ಲಿ ಹದಿಮೂರು ಬ್ರಷ್ಷು, ಹಲ್ಲು ಬಿದ್ದ ಬಾಯಿಯ ಹಾಗೆ. ದೊಡ್ಡಮ್ಮ ಅದನ್ನು ಎಣಿಸಿದಳು. ನಾನು ಅವಳ ಕಣ್ಣನ್ನು ನೋಡುತ್ತಿದ್ದೆ. ರೇವತಿ ಮೊದಲು ನೈಲಾನಿನಲ್ಲಿ ನೀರು ಬಣ್ಣ ಹಚ್ಚಿದಳು. ಆಮೇಲೆ ದೊಡ್ಡ ಆಡನ್ನು ಪುಡಿಯಲ್ಲಿ ಅದ್ದಿ ಕೆನ್ನೆಗೆ ತಂದಾಗ ದೊಡ್ಡಮ್ಮ ಮುಂದೆ ಬಗ್ಗಿ ಮೂಸಿದಳು. ಸೆರಗು ಮೂಗಿಗೆ ಹೋಯಿತು.

"ಏನದು ವಾಸನೆ? ಬ್ರಷ್ಷು ಯಾತರದ್ದು?"

ನನಗೆ ಹಿತ್ತಲ ಕಲ್ಲು ನೆನಪಾಯಿತು. ಅದೇ ಸೆರಗು, ಅದೇ ಮೂಗು. ಇವಳು ಈಗ ಫಾರಿನ್ನು, ಸೆಂಟು, ಏನಾದರೂ ಒಂದು ಹೇಳಿ ತಪ್ಪಿಸಿಕೊಳ್ಳುತ್ತಾಳೆ ಅಂದುಕೊಂಡೆ. ಹೇಳಿದರೂ ನಾನು ಬೇಡ ಅನ್ನುತ್ತಿರಲಿಲ್ಲ, ಬೋಡಿ ಹತ್ತಿರದಲ್ಲಿತ್ತು.

"ಆಡಿನ ಕೂದಲು, ಪೆರಿಯಮ್ಮಾ" ಅಂದಳು ರೇವತಿ, ಕೈ ನಿಲ್ಲಿಸದೆ. "ನಮ್ಮ ಅಪ್ಪತ್ತಾ ಮೊನ್ನೆ ಶುಕ್ರವಾರ ಎಣ್ಣೆ ಹಚ್ಚಿ ನೀರು ಹಾಕಿ ಸಾಂಬ್ರಾಣಿ ಹಿಡಿದಿದ್ದಾರೆ. ಅಗೋ, ಅಲ್ಲಿ ಕೂತಿದ್ದಾರಲ್ಲ, ಅವರೇ."

ಎಲ್ಲರೂ ನನ್ನ ಕಡೆ ತಿರುಗಿದರು. ಆಮೇಲೆ ಮೂಲೆಯಲ್ಲಿದ್ದ ಒಬ್ಬ ಮುದುಕಿ, ಹೆಣ್ಣಿನ ಅಜ್ಜಿ, ಗೊಳ್ಳೆಂದು ನಕ್ಕಳು. "ಬ್ರಷ್ಷಿಗೆ ಎಣ್ಣೆಸ್ನಾನವಾ!" ಅವಳ ಹಿಂದೆ ಎಲ್ಲರೂ. ಬಳೆ ತಿರುಗಿಸುತ್ತಿದ್ದ ಹೆಣ್ಣೂ ನಕ್ಕಳು. ನಕ್ಕ ಮೇಲೆ ಅವಳ ಕೈ ನಿಂತಿತು. ಕಣ್ಣು ಮುಚ್ಚಿಕೊಂಡು, "ಅಕ್ಕಾ, ಆ ಮೆತ್ತಗಿನದು ಇನ್ನೊಂದು ಸಲ ಸವರಿ. ಮನೆಯಲ್ಲಿ ತಲೆ ಒಣಗಿಸಿಕೊಂಡ ಹಾಗಿದೆ" ಅಂದಳು.

ಇಪ್ಪತ್ತನಾಲ್ಕರ ಕೆಲಸವನ್ನು ಹದಿಮೂರು ಮಾಡಿದವು. ಉಳಿದ ಹನ್ನೊಂದು ಇದ್ದಿದ್ದರೆ ಏನು ಮಾಡುತ್ತಿದ್ದವು ಅಂತ ನಾನು ಕೇಳಲಿಲ್ಲ. ಹೆಣ್ಣು ಚೆನ್ನಾಗಿ ಕಂಡಳು. ಮುಖವೂ ಕತ್ತೂ ಒಂದೇ ಬಣ್ಣ, ಅದನ್ನು ನಾನೇ ಹತ್ತಿರ ಹೋಗಿ ನೋಡಿದೆ. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಆ ಒಡವೆಯ ದೊಡ್ಡಮ್ಮ ಸುತ್ತ ನೋಡಿ, ಖಾಲಿ ಕುರ್ಚಿಯಲ್ಲಿ ಕೂತು, ಗಲ್ಲ ಎತ್ತಿದಳು. "ಬಣ್ಣ ಗಿಣ್ಣ ಬೇಡ. ಆ ಆಡಿನದರಲ್ಲಿ ಸುಮ್ಮನೆ ಒಂದು ಸಲ." ರೇವತಿ ಸವರಿದಳು. ಅವಳ ಚಪ್ಪಟೆ ಮೂಗಿನ ಪಕ್ಕ ನೆರಳು ಬಿಡಿಸು ಅಂತ ನಾನು ಸನ್ನೆ ಮಾಡಿದೆ. ರೇವತಿ ನನ್ನನ್ನು ನೋಡದ ಹಾಗೆ ಮಾಡಿದಳು.

ಆ ಮಂಟಪದಿಂದಲೇ ಮೂರು ಮದುವೆ ಕೆಲಸ ಬಂತು. ಒಂದು ಕಂಬಂ, ಎರಡು ಚಿನ್ನಮನೂರು. ವಾರ ಬಿಟ್ಟು ಬೋಡಿಯವರು ತಾವೇ ಫೋನ್ ಮಾಡಿ, ಯಾವ ದಿನ ಬರಲಿ ಅಂದರು. ಲಿಂಗಸಾಮಿ ಗೋಡೆಯ ಕ್ಯಾಲೆಂಡರ್ ನೋಡಿದ. ರೇವತಿ ಅದರಲ್ಲಿ ಕೆಂಪು ಸುತ್ತು ಹಾಕಿದ್ದಳು. "ಅವಳಿಗೆ ಆವತ್ತು ವೇಲೆ ಐತೆ" ಅಂದ. ಇನ್ನೊಂದು ದಿನ ಹೇಳಿದರು. "ಆವತ್ತೂ ಐತೆ" ಅಂದು ಇಟ್ಟುಬಿಟ್ಟ. ನಾನು ಮೊದಲೇ ಹೇಳಿದೆ, ಅವನು ಆಡುವುದು ಎರಡು ಮಾತು.

ಈಗ ರೇವತಿಯ ಹತ್ತಿರ ಹದಿನೇಳು ಬ್ರಷ್ಷಿದೆ. ಕೊಳ್ಳುವ ಮೊದಲು ಮನೆಗೆ ತಂದು ನನ್ನ ಕೈಗೆ ಕೊಡುತ್ತಾಳೆ. ನಾನು ಎರಡು ಕಡೆಗೂ ಸವರಿ ಆಡು, ದಾರ ಅಂತ ಹೇಳುತ್ತೇನೆ. ಅಷ್ಟು ಹೇಳಿದ ತಕ್ಷಣ ಕಿತ್ತುಕೊಳ್ಳುತ್ತಾಳೆ. ತೊಳೆಯುವುದು ಅವಳೇ, ಒಣಗಿಸುವುದು ಅವಳೇ. ಒಣಗಿದ ಮೇಲೆ ಎಲ್ಲವನ್ನೂ ತಗಡಿನ ಪೆಟ್ಟಿಗೆಯಲ್ಲಿಟ್ಟು, ಆ ಶನಿವಾರ ದಿಂಡಿಗಲ್ಲಿನಲ್ಲಿ ಕೊಂಡ ಬೀಗ ಹಾಕುತ್ತಾಳೆ. ಬೀಗದ ಕೈ ಅವಳ ಕತ್ತಿನ ಸರದಲ್ಲಿ. ಮೇಡಮ್ಮಿನ ಮೆಟ್ಟಿಲಿಳಿದು ಬಿರಿಯಾನಿಯ ವಾಸನೆಯ ನಡುವೆ ಅವಳಿಗೆ ಹೊಳೆದದ್ದು ಅದು. ಸ್ವಂತ ಅಪ್ಪತ್ತಾಳಿಗೆ ಬೀಗ.

ಒಂದು ಶುಕ್ರವಾರ ಅವಳು ಮೀಯುವುದಕ್ಕೆ ಹೋದಾಗ ನಾನು ಹೇರ್‌ಪಿನ್ನು ಹಾಕಿ ತಿರುಗಿಸಿ ನೋಡಿದೆ. ಬಗ್ಗಲಿಲ್ಲ. ಮುಂದಿನ ಶುಕ್ರವಾರ ಅಡಿಕೆಕತ್ತರಿಯ ಮೂತಿ ಹಾಕಿ ಮೀಟಿದೆ. ಕತ್ತರಿಯ ಮೂತಿ ಮುರಿಯಿತು, ಬೀಗಕ್ಕೆ ಗೀರೂ ಬೀಳಲಿಲ್ಲ. ದಿಂಡಿಗಲ್ಲಿನಿಂದ ಅವಳು ತಂದ ಸಾಮಾನಿನಲ್ಲಿ ಒಂದಾದರೂ ಒರಿಜಿನಲ್ ಇದೆ ಅಂತ ಆವತ್ತು ಒಪ್ಪಿಕೊಂಡೆ.